ನಡುಮನೆಯ ಯಜಮಾನ

ಆ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಟಿಕೆಟ್ಟಮ್ಮ ಎಂದೇ ಕರೆಯುತ್ತಿದ್ದರು. ಕೂದಲು ಕಪ್ಪಗಿದ್ದ ಕಾಲದಿಂದ ಪೂರ್ತಿ ನರೆಯುವವರೆಗೆ ಒಂದೇ ಸಿನಿಮಾ ಟಾಕೀಸಿನ ಟಿಕೆಟ್ ಗೂಡಿನಲ್ಲಿ ಕೂತವಳು. ಆ ಗೂಡಿನ ಕಿಂಡಿ ಎಷ್ಟು ಚಿಕ್ಕದಿತ್ತೆಂದರೆ ಹೊರಗೆ ನಿಂತವರ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ ಒಳಗೆ ಬರುತ್ತಿತ್ತು. ಕೈ ನೋಡಿಯೇ ಇವನು ಹೆಂಡತಿಗೆ ಸುಳ್ಳು ಹೇಳಿ ಬಂದವನು, ಇವಳು ಅತ್ತು ಮುಖ ತೊಳೆದು ಬಂದವಳು ಎಂದು ಹೇಳುತ್ತಿದ್ದಳು. "ಮುಖಕ್ಕೆ ಬಣ್ಣ ಬಳೀಬಹುದು, ಕೈಗೆ ಸುಳ್ಳು ಹೇಳೋಕೆ ಬರಲ್ಲ" ಅನ್ನುವುದು ಅವಳ ಮಾತು. ಊರವರ ಕೈಯನ್ನೆಲ್ಲ ಓದಿದವಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗನ ಕೈ ಮಾತ್ರ ಓದಲು ಬರಲಿಲ್ಲ.

ಮಗ ಲಿಫ್ಟ್ ಮೆಕ್ಯಾನಿಕ್. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳೆಲ್ಲ ಅವನ ಮಾತು ಕೇಳಿ ಏರಿಳಿಯುತ್ತಿದ್ದವು. ಅವರಿದ್ದ ಮೂರನೇ ಮಹಡಿಯ ಮನೆಗೆ ಮಾತ್ರ ಮೆಟ್ಟಿಲೇ ಗತಿ. ಸೊಸೆ ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸದವಳು. ಚೌಕಟ್ಟಿನ ಅಳತೆಗೆ ಗಾಜನ್ನು ತಿರುಗುವ ಕಲ್ಲಿಗೆ ಹಿಡಿದು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ತೀಡಬೇಕು. ಮಾತು ಕಡಿಮೆ, ಕೈ ಚುರುಕು. ಅತ್ತೆ ಸೊಸೆಗೆ ಹೊಂದಿಕೊಂಡಿತ್ತು. ಹಾವು ಮುಂಗುಸಿಯಂತಿರಬೇಕಾದವರು ಹೀಗೆ ಹಾಲು ಸಕ್ಕರೆಯಂತಿದ್ದಾರಲ್ಲ ಎಂದು ಎರಡನೇ ಮಹಡಿಯ ಹೆಂಗಸು ಹೊಟ್ಟೆ ಉರಿಸಿಕೊಳ್ಳುವಷ್ಟು ಹೊಂದಿಕೊಂಡಿತ್ತು.

ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಮಗ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ಬಂದ. ಒಳಗೆ ಬೆರಳುದ್ದದ ಒಂದು ಮೀನು. ಮೈಮೇಲೆ ಕಿತ್ತಳೆ ಬಣ್ಣದ ಗೆರೆ, ಹುಡುಗಿಯ ರಿಬ್ಬನ್ ಥರ. ತಲೆ ಮಾತ್ರ ಚಪ್ಪಟೆ. ಹಾವುತಲೆ ಮೀನು ಅಂತ ಇದರ ಹೆಸರು ಎಂದ.

"ಎಷ್ಟು ಮುದ್ದಾಗಿದೆ" ಎಂದಳು ಸೊಸೆ.

"ಈಗ ಮುದ್ದು. ಮುಂದೆ ನೋಡ್ತಿರು" ಎಂದ ಮಗ, ತನ್ನದೇ ಪ್ರತಾಪ ಹೇಳಿಕೊಳ್ಳುವವನಂತೆ.

ಹೇಳಿದಂತೆಯೇ ಆಯಿತು. ಜೊತೆಗಿರಲಿ ಎಂದು ಬಿಟ್ಟ ಬಂಗಾರದ ಮೀನುಗಳು ಒಂದೊಂದಾಗಿ ಕಾಣೆಯಾದವು. ಗಟ್ಟಿ ಜಾತಿಯದು ಎಂದು ತಂದ ಮುಳ್ಳುಮೀನನ್ನು ಅರ್ಧಕ್ಕೆ ಕತ್ತರಿಸಿ ಉಗುಳಿತು. ತೊಟ್ಟಿ ಬದಲಾಯಿತು, ಮತ್ತೆ ಬದಲಾಯಿತು. ಕೊನೆಗೆ ಗಾಜಿನವರು ಹಲಗೆಗಳನ್ನು ಬಿಡಿಬಿಡಿಯಾಗಿ ಹೊತ್ತು ತಂದು ಅಲ್ಲೇ ಅಂಟಿಸಿ ಕಟ್ಟಿದರು, ಯಾಕೆಂದರೆ ಅಷ್ಟು ದೊಡ್ಡ ತೊಟ್ಟಿ ಮೆಟ್ಟಿಲ ತಿರುವಿನಲ್ಲಿ ಹಾಯುತ್ತಿರಲಿಲ್ಲ. ಸೋಫಾ ಹೊರಗೆ ಹೋಯಿತು. ನಡುಮನೆಯಲ್ಲಿ ಬಾಗಿಲಿನಿಂದ ಅಡುಗೆಮನೆಯವರೆಗೆ ಬರೀ ತೊಟ್ಟಿ, ಅದರೊಳಗೆ ತೋಳಿಗಿಂತ ಉದ್ದದ, ತೊಡೆಯಷ್ಟು ದಪ್ಪದ ಮೀನು. ಕಿತ್ತಳೆ ಗೆರೆ ಮಾಸಿ ಮೈ ಎಣ್ಣೆಗಪ್ಪಾಗಿತ್ತು, ಹೊಟ್ಟೆ ಬೆಳ್ಳಗೆ. ಆಗೀಗ ನಿಧಾನವಾಗಿ ಮೇಲೆ ಬಂದು ಗುಟುಕು ಗಾಳಿ ಕುಡಿದು ಇಳಿಯುವುದು. ಅದು ನೀರಿನಲ್ಲಿದ್ದೂ ಗಾಳಿ ಬೇಕಾದ ಜಾತಿ. ಅಪರಿಚಿತರು ಬಂದರೆ ಗಾಜಿಗೆ ಗುದ್ದುತ್ತಿತ್ತು. ಮನೆಯೇ ಅದುರುತ್ತಿತ್ತು. ಮುಚ್ಚಳದ ಮೇಲೆ ಇಟ್ಟಿಗೆ ಹೇರಿರಬೇಕು, ಇಲ್ಲವಾದರೆ ಹಾರಿ ಹೊರಗೆ.

ಮಗ ಅದಕ್ಕೆ ಯಜಮಾನ ಎಂದು ಹೆಸರಿಟ್ಟ. ಅಲ್ಲಿಂದ ಮನೆಯಲ್ಲಿ ತಮಾಷೆಗೆ ಬರವಿಲ್ಲ. ಯಾರಾದರೂ ಬಾಗಿಲಲ್ಲಿ ನಿಂತು "ಯಜಮಾನ್ರು ಇದ್ದಾರಾ?" ಎಂದರೆ ಟಿಕೆಟ್ಟಮ್ಮ ಒಳಗಿನಿಂದಲೇ, "ಯಾವ ಯಜಮಾನ್ರು? ಲಿಫ್ಟಿನವರೋ, ನೀರಿನವರೋ?" ಎಂದು ಕೇಳುವಳು.

ಮಗ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಮೀನು ಆ ತುದಿಯಿಂದ ಈ ತುದಿಗೆ ಬರುತ್ತಿತ್ತು. ಉದ್ದನೆಯ ಮರದ ಇಕ್ಕಳದಲ್ಲಿ ಸೀಗಡಿ ಹಿಡಿದರೆ ಟಪ್ಪೆಂದು ಎಳೆಯುತ್ತಿತ್ತು. ಅವನು ನಗುತ್ತಿದ್ದ. ಸೊಸೆ ಕೊಳವೆ ಹಿಡಿದು ಹಳೆಯ ನೀರು ಬಸಿಯುತ್ತಿದ್ದಳು. ಹೊಗಳಿಕೆ ಅವನಿಗೆ, ಹೊಲಸು ನೀರು ಇವಳಿಗೆ ಎಂದು ಟಿಕೆಟ್ಟಮ್ಮ ಗೊಣಗಿದರೆ ಸೊಸೆ, "ಇರಲಿ ಬಿಡಿ ಅತ್ತೆ, ಮಕ್ಕಳಿರೋ ಮನೇಲಿ ಇದಕ್ಕಿಂತ ಜಾಸ್ತಿ ತೊಳೀಬೇಕು" ಎನ್ನುವಳು. ಆ ಮನೆಯಲ್ಲಿ ಮಕ್ಕಳಾಗಿರಲಿಲ್ಲ. ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಆಮೇಲೊಂದು ಕಟ್ಟಡದ ಲಿಫ್ಟು ಪದೇಪದೇ ಕೆಡಲು ಶುರುವಾಯಿತು. ಬೇರೆ ಕಟ್ಟಡದ್ದು ವರ್ಷಕ್ಕೊಮ್ಮೆ ಕೆಟ್ಟರೆ ಇದು ವಾರಕ್ಕೊಮ್ಮೆ. "ಅದೇನು ಲಿಫ್ಟೋ, ಹಾಳಾದ್ದು" ಎಂದು ಟಿಕೆಟ್ಟಮ್ಮ ಬೈದಳು. ಕೆಟ್ಟದ್ದು ಲಿಫ್ಟಲ್ಲ ಎಂದು ಗೊತ್ತಾಗುವ ಹೊತ್ತಿಗೆ ನೀರು ತಲೆಯ ಮೇಲೆ ಹರಿದಿತ್ತು. ಆ ಕಟ್ಟಡದ ಐದನೇ ಮಹಡಿಯಲ್ಲಿ ಒಬ್ಬಳೇ ಇದ್ದ ಹೆಂಗಸೊಬ್ಬಳ ಮನೆಗೆ ಅವನು ಹೊರಟು ನಿಂತ. ಜಗಳ ಆಡಲಿಲ್ಲ, ಕೂಗಲಿಲ್ಲ. ಚೀಲಕ್ಕೆ ಬಟ್ಟೆ ತುರುಕಿಕೊಂಡು, ಹೆಂಡತಿಯ ಮುಖ ನೋಡಲಾಗದೆ ತೊಟ್ಟಿಯ ಕಡೆ ನೋಡಿ, "ಇವನನ್ನ ನೋಡ್ಕೋ. ಜಾಗ ಸರಿಮಾಡ್ಕೊಂಡು ಬಂದು ಕರ್ಕೊಂಡು ಹೋಗ್ತೀನಿ" ಎಂದ. ಮೆಟ್ಟಿಲಿಳಿದು ಹೋದ.

ಟಿಕೆಟ್ಟಮ್ಮನಿಗೆ ಮುಖ ಎತ್ತಲು ಆಗಲಿಲ್ಲ. ತಪ್ಪು ಮಾಡಿದವನು ಹೋದ, ತಪ್ಪಿನ ಹೊರೆ ಹೆತ್ತವಳ ತಲೆಗೆ ಬಂತು. ಸೊಸೆ ತವರಿಗೆ ಹೋಗುತ್ತಾಳೆ ಎಂದುಕೊಂಡಳು. ಹೋಗಲಿಲ್ಲ. "ನಾನೇ ನಿನ್ನ ತಾಯಿ ಅಂದುಕೋ" ಎಂದು ಹೇಳಲು ಬಾಯಿ ತೆರೆದು, ನಾನು ಯಾರ ತಾಯಿ ಎಂಬುದು ನೆನಪಾಗಿ ಸುಮ್ಮನಾದಳು.

ಸೊಸೆ ಮೊದಲಿನಂತೆಯೇ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದಳು. ಸಂಜೆ ಬಂದು ಮೀನಿಗೆ ಸೀಗಡಿ ಹಾಕಿದಳು. ಭಾನುವಾರ ಹಳೆ ನೀರು ಬಸಿದು ಹೊಸ ನೀರು ತುಂಬಿದಳು. ಮೊದಮೊದಲು ಮೀನು ಅವಳ ಕೈಯಿಂದ ತಿನ್ನಲಿಲ್ಲ. ಬಾಗಿಲ ಕಡೆಯ ತುದಿಯಲ್ಲಿ ಮೂತಿ ಹಚ್ಚಿ ನಿಂತಿರುತ್ತಿತ್ತು. ತಿಂಗಳು ಕಳೆದ ಮೇಲೆ ಹಸಿವೆಯೇ ಗೆದ್ದಿತು. ಮುಂದೆ ಅವಳ ಹೆಜ್ಜೆ ಸಪ್ಪಳ ಮೆಟ್ಟಿಲಲ್ಲಿ ಕೇಳಿದರೆ ಸಾಕು, ತಿರುಗುತ್ತಿತ್ತು.

ಸೊಸೆ ಊಟದ ತಟ್ಟೆ ಹಿಡಿದು ತೊಟ್ಟಿಯ ಮುಂದೆ ಕೂರುವುದು ರೂಢಿಯಾಯಿತು. ಟಿಕೆಟ್ಟಮ್ಮ ಅಡುಗೆಮನೆಯಿಂದ ನೋಡುತ್ತಿದ್ದಳು. ಗಾಜಿನ ಆ ಕಡೆ ಒಂದು ಜೀವ, ಈ ಕಡೆ ಒಂದು ಜೀವ, ಎರಡೂ ಬಾಯಿ ಬಿಡದ ಜೀವಗಳು. ಎಂದಾದರೊಮ್ಮೆ ಅತ್ತೆ ತಡೆಯಲಾರದೆ, "ಎಷ್ಟು ದಿನ ಅಂತ ಇದರ ಚಾಕರಿ ಮಾಡ್ತೀಯ?" ಎಂದರೆ, "ಅವರು ಬಂದು ಕೇಳಿದರೆ ಏನು ಹೇಳೋದು ಅತ್ತೆ?" ಎನ್ನುವಳು. ಅಷ್ಟೇ ಮಾತು. ಟಿಕೆಟ್ಟಮ್ಮನಿಗೆ ಅನಿಸುತ್ತಿತ್ತು: ಇವಳು ಇನ್ನೂ ಕಾಯುತ್ತಿದ್ದಾಳೆ. ನಮ್ಮನ್ನು ಬಿಟ್ಟಾನು, ಯಜಮಾನನನ್ನು ಬಿಟ್ಟಾನೆಯೇ ಎಂದು ಆಸೆ ಕಟ್ಟಿಕೊಂಡು ಕೂತಿದ್ದಾಳೆ.

ಕನ್ನಡಕದ ಅಂಗಡಿಯ ಒಡತಿ ಬೇರೊಂದು ಊರಿನಲ್ಲಿ ಹೊಸ ಅಂಗಡಿ ತೆರೆದಳು. ಅಲ್ಲಿನ ಉಜ್ಜುವ ಕೋಣೆಯನ್ನು ಪೂರ್ತಿ ನೀನೇ ನೋಡಿಕೋ, ಇರಲು ಮೇಲೊಂದು ಕೋಣೆಯೂ ಇದೆ ಎಂದು ಸೊಸೆಯನ್ನು ಕೇಳಿದಳು. ಸೊಸೆ ಒಲ್ಲೆ ಎಂದಳು. ಈ ಸುದ್ದಿ ಟಿಕೆಟ್ಟಮ್ಮನಿಗೆ ತಿಳಿದದ್ದು ಆ ಒಡತಿಯೇ ಬಸ್ ನಿಲ್ದಾಣದಲ್ಲಿ ಸಿಕ್ಕಿ ಹೇಳಿದಾಗ. "ಅಷ್ಟು ಒಳ್ಳೆ ಅವಕಾಶ ಕಾಲಲ್ಲಿ ಒದ್ದಳಲ್ಲಮ್ಮ. ಮನೇಲಿ ಮೀನಿದೆ, ನೋಡಿಕೊಳ್ಳೋರಿಲ್ಲ ಅಂತಾಳೆ. ಮೀನಿಗೋಸ್ಕರ ಯಾರಾದ್ರೂ ಬದುಕು ಬಿಡ್ತಾರಾ?"

ಅದೇ ವಾರ ಮೀನು ಅವಳನ್ನು ಕಚ್ಚಿತು. ನೀರು ಬದಲಾಯಿಸುವಾಗ ಕೊಳವೆ ಕೈಜಾರಿ ಒಳಗೆ ಬಿತ್ತು. ಎತ್ತಲು ಕೈ ಹಾಕಿದಳು. ಬಲಗೈಯ ತೋರುಬೆರಳಿನ ತುದಿ ಸೀಳಿ ಹೋಯಿತು. ಹೊಲಿಗೆ ಹಾಕಿದ ಡಾಕ್ಟರು ಗಾಯ ವಾಸಿಯಾಗುತ್ತದೆ, ಆ ತುದಿಗೆ ಸ್ಪರ್ಶ ಪೂರ್ತಿ ಬರುತ್ತದೋ ಇಲ್ಲವೋ ಹೇಳಲಾರೆ ಎಂದರು. ಗಾಜಿನ ಅಂಚು ನುಣುಪಾಗಿದೆಯೋ ಇಲ್ಲವೋ ಎಂದು ಅವಳು ತಿಳಿಯುತ್ತಿದ್ದುದೇ ಆ ಬೆರಳಿನಿಂದ. ಮನೆಗೆ ಬಂದವಳೇ ಬ್ಯಾಂಡೇಜಿನ ಕೈಯನ್ನು ಮೇಲೆ ಹಿಡಿದುಕೊಂಡು, ಎಡಗೈಯಲ್ಲಿ ಇಕ್ಕಳ ತೆಗೆದುಕೊಂಡಳು. "ಅದರ ತಪ್ಪಲ್ಲ ಅತ್ತೆ. ಹಸಿದಿತ್ತು. ನಾನು ಕೈ ಹಾಕಬಾರದಿತ್ತು."

ಅಂದು ಟಿಕೆಟ್ಟಮ್ಮ ನಿಶ್ಚಯಿಸಿದಳು. ಮಗನನ್ನು ಕಂಡು ಒಂದು ಮಾತು ಕೇಳಿಬಿಡಬೇಕು: ಬರುತ್ತೀಯೋ, ಇಲ್ಲವೋ.

ಅವನು ಒಂದು ಕಚೇರಿ ಕಟ್ಟಡದ ಕೆಳಮಹಡಿಯಲ್ಲಿ ಸಿಕ್ಕ. ಲಿಫ್ಟಿನ ಬಾಗಿಲು ತೆರೆದು ನಿಂತಿತ್ತು, ಒಳಗೆ ಪೆಟ್ಟಿಗೆ ಇರಲಿಲ್ಲ, ಕತ್ತಲ ಬಾವಿಯಲ್ಲಿ ಹಗ್ಗಗಳು ಮಾತ್ರ ಇಳಿಬಿದ್ದಿದ್ದವು. ಅಮ್ಮನನ್ನು ಕಂಡು ಮೊದಲು ಗಾಬರಿಯಾದ, ಆಮೇಲೆ ನಕ್ಕ. ಮೈ ತುಂಬಿಕೊಂಡಿದ್ದ. ಟಿಕೆಟ್ಟಮ್ಮ ಅಭ್ಯಾಸಬಲದಿಂದ ಅವನ ಕೈ ನೋಡಿದಳು. ಉಗುರು ಕತ್ತರಿಸಿದ್ದ, ಗ್ರೀಸಿನ ಕಲೆ ಉಜ್ಜಿ ತೆಗೆದಿದ್ದ. ಯಾರೋ ಆ ಕೈಗಳ ಬಗ್ಗೆ ಕಾಳಜಿ ವಹಿಸುತ್ತಿದ್ದರು. ಕೇಳಬೇಕಾದ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

"ಊಟ ಆಯ್ತಾ ಅಮ್ಮ?"

"ಆಯ್ತು. ಮನೆಗೆ ಯಾವಾಗ ಬರ್ತೀಯ?"

ಅವನು ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ಬರಬೇಕು ಅಂತಾನೇ ಇದ್ದೆ. ಅಮ್ಮ… ನಿನಗೆ ಹೇಳ್ಬೇಕು. ನಮಗೆ ಮಗು ಆಗ್ತಿದೆ. ಮುಂದಿನ ತಿಂಗಳು."

ಟಿಕೆಟ್ಟಮ್ಮ ಗೋಡೆಗೆ ಕೈ ಆನಿಸಿದಳು. ಸಂತೋಷವಾಗಬೇಕಾದ ಸುದ್ದಿ. ಎದೆಯ ಯಾವುದೋ ಮೂಲೆಯಲ್ಲಿ ಸಂತೋಷವಾಯಿತು ಕೂಡ. ಅದಕ್ಕೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

"ಅವಳಿಗೆ ಏನು ಹೇಳಲಿ ಹೇಳು. ಬಂದು ಮೀನು ಕರ್ಕೊಂಡು ಹೋಗ್ತೀನಿ ಅಂತ ಹೇಳಿ ಹೋದೆ. ಅವಳು ಅದನ್ನ ಕಾಯ್ಕೊಂಡು ಕೂತಿದ್ದಾಳೆ."

"ಮೀನಾ?" ಅವನ ಹುಬ್ಬು ಮೇಲೇರಿತು. "ಯಜಮಾನ ಇನ್ನೂ ಬದುಕಿದ್ದಾನಾ?"

ಟಿಕೆಟ್ಟಮ್ಮ ಹೌದೆಂದು ತಲೆಯಾಡಿಸಿದಳು.

"ಅಯ್ಯೋ, ಯಾರಿಗಾದ್ರೂ ಕೊಟ್ಟುಬಿಡಿ ಅಮ್ಮ. ಇಲ್ಲ ಕೆರೇಲಿ ಬಿಡಿ. ಏನಾದ್ರೂ ಮಾಡಿ. ಆ ಮನೇಲಿ ಜಾಗ ಎಲ್ಲಿದೆ, ಮಗು ಬೇರೆ ಬರ್ತಿದೆ." ಮೇಲಿನಿಂದ ಯಾರೋ ಅವನನ್ನು ಕೂಗಿದರು. "ಬಂದೆ" ಎಂದು ಕತ್ತಲ ಬಾವಿಯೊಳಗೆ ಕತ್ತು ಚಾಚಿ ಕೂಗಿದ. ಆ ಮಾತು ಹಗ್ಗದಗುಂಟ ಮೇಲೇರಿ ಹೋಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಟಿಕೆಟ್ಟಮ್ಮ ಒಂದೇ ವಿಚಾರ ಮಾಡಿದಳು. ಇದನ್ನು ಅವಳಿಗೆ ಹೇಳುವುದು ಹೇಗೆ? ನಿನಗೆ ಆಗದ ಮಗು ಅವಳಿಗೆ ಆಗುತ್ತಿದೆ ಎಂದು ಯಾವ ನಾಲಿಗೆಯಿಂದ ಹೇಳುವುದು? ಮೀನು ಮನೆಯಲ್ಲಿರುವವರೆಗೆ ಅವಳ ಆಸೆ ಸಾಯುವುದಿಲ್ಲ. ಆಸೆ ಸಾಯುವವರೆಗೆ ಅವಳು ಏಳುವುದಿಲ್ಲ. ಹಾಗಾದರೆ ಮೀನು ಮೊದಲು ಹೋಗಬೇಕು.

ಮೀನು ಮಾರಿದ ಅಂಗಡಿಗೇ ಹೋದಳು. ಗೋಡೆ ತುಂಬ ಚಿಕ್ಕಚಿಕ್ಕ ತೊಟ್ಟಿ, ಗುಳುಗುಳು ಸದ್ದು. ಅಂಗಡಿಯವನು ಕತ್ತಿನಲ್ಲಿ ಕನ್ನಡಕ ನೇತುಹಾಕಿಕೊಂಡ ಮುದುಕ. ಮೀನನ್ನು ವಾಪಸು ತಗೋ ಎಂಬ ಮಾತು ಕೇಳಿ ಆಗದೆಂದು ತಲೆಯಾಡಿಸಿದ.

"ಒಯ್ಯುವಾಗ ಎಲ್ಲರಿಗೂ ಮರಿ ಬೇಕಮ್ಮ. ವಾಪಸ್ ತರುವಾಗ ಎಲ್ಲರ ಕೈಯಲ್ಲೂ ಮೊಸಳೆ. ನಾನು ಎಲ್ಲಿ ಇಡಲಿ?"

"ಉದ್ಯಾನದಲ್ಲಿ ಮೀನಿನ ಪ್ರದರ್ಶನ ಇದೆಯಲ್ಲ, ಅವರು?"

"ಕೇಳಿ ನೋಡಿ. ಹೀಗೆ ಬಿಟ್ಟುಹೋದವೇ ಅಲ್ಲಿ ತುಂಬಿವೆ. ಒಂದನ್ನೊಂದು ಕಂಡರೆ ಸೀಳಿ ಹಾಕ್ತವೆ, ಒಂದೊಂದಕ್ಕೂ ಒಂದೊಂದು ಕೋಣೆ ಎಲ್ಲಿಂದ ತರ್ತಾರೆ?"

ಅಲ್ಲಿಗೂ ಹೋಗಿ ಕೇಳಿದಳು. ಅಲ್ಲಿನವನು ಒಳ್ಳೆಯ ಮನುಷ್ಯ, ಇಲ್ಲ ಎನ್ನಲು ಅವನಿಗೇ ನೋವಾಯಿತು, ಆದರೂ ಇಲ್ಲ ಎಂದ. ಮತ್ತೆ ಅಂಗಡಿಗೆ ಬಂದು ಕೆರೆಯ ಮಾತೆತ್ತಿದಳು. ಮುದುಕ ಕನ್ನಡಕ ಏರಿಸಿ ಅವಳನ್ನೇ ನೋಡಿದ.

"ಅದೊಂದು ಮಾಡಬೇಡಿ. ಕೆರೇಲಿರೋ ಸಣ್ಣಪುಟ್ಟದ್ದನ್ನೆಲ್ಲ ನುಂಗಿ ಹಾಕುತ್ತೆ. ಒಂದನ್ನ ಉಳಿಸೋಕೆ ಹೋಗಿ ಸಾವಿರ ಜೀವ ತೆಗೆದ ಹಾಗೆ." ಆಮೇಲೆ ದನಿ ತಗ್ಗಿಸಿ ಹೇಳಿದ. "ಬೇರೆ ದಾರಿ ಇಲ್ಲ ಅಂದ್ರೆ ನೋವಿಲ್ಲದ ದಾರಿ ಒಂದಿದೆ. ಲವಂಗದ ಎಣ್ಣೆ. ಬೆಚ್ಚಗಿನ ನೀರಲ್ಲಿ ಹಾಲಿನ ಹಾಗೆ ಆಗೋತನಕ ಕುಲುಕಿ ಹಾಕಬೇಕು. ಮೊದಲು ನಿದ್ದೆ ಬರುತ್ತೆ. ನಿದ್ದೆ ಬಂದ ಮೇಲೆ ಉಳಿದದ್ದು ಹಾಕಬೇಕು. ತೊಟ್ಟಿ ನೀರು ಅರ್ಧಕ್ಕಿಂತ ಕಡಿಮೆ ಮಾಡ್ಕೊಳ್ಳಿ. ಇದು ಗಾಳಿ ಕುಡಿಯೋ ಜಾತಿ, ಹೊತ್ತು ಹಿಡಿಯುತ್ತೆ. ಅವಸರ ಮಾಡಬೇಡಿ. ಆ ದಿನ ಊಟ ಹಾಕಬೇಡಿ."

ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಳ್ಳುವ ಎಣ್ಣೆ. ಔಷಧಿ ಅಂಗಡಿಯಲ್ಲಿ ಅಷ್ಟು ಬಾಟಲಿ ಕೇಳಿದಾಗ ಹುಡುಗಿ, "ಅಜ್ಜಿ, ಎಲ್ಲಾ ಹಲ್ಲೂ ನೋಯ್ತಿದೆಯಾ?" ಎಂದು ನಕ್ಕಳು. ಟಿಕೆಟ್ಟಮ್ಮನೂ ನಗಲು ನೋಡಿದಳು.

ಮಾರನೆಯ ದಿನ ಸೊಸೆ ಕೆಲಸಕ್ಕೆ ಹೋದ ಮೇಲೆ ಮುಚ್ಚಳದ ಇಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿದಳು. ಕೊಳವೆಯ ಒಂದು ತುದಿ ತೊಟ್ಟಿಗೆ, ಇನ್ನೊಂದು ತುದಿ ಬಚ್ಚಲಿಗೆ. ನೋಡಿ ನೋಡಿ ಕಲಿತ ಕೆಲಸ. ನೀರು ಇಳಿಯುತ್ತಿದ್ದಂತೆ ಮೀನು ಅತ್ತಿಂದಿತ್ತ ತಿರುಗಿತು, ಒಮ್ಮೆ ಕೊಳವೆಗೆ ಬಾಯಿ ಹಾಕಿ ಬಿಟ್ಟಿತು. ಬೆನ್ನಿನ ರೆಕ್ಕೆ ಇನ್ನೇನು ನೀರಿನ ಮೇಲೆ ಕಾಣಬೇಕು ಅನ್ನುವಾಗ ಕೊಳವೆ ತೆಗೆದಳು.

ಊಟ ಹಾಕಬೇಡಿ ಎಂದಿದ್ದ ಅಂಗಡಿಯವನು. ಆದರೆ ಹಸಿದ ಹೊಟ್ಟೆಯಲ್ಲಿ ಯಾರನ್ನೂ ಹೊಸಿಲು ದಾಟಿಸಿದವಳಲ್ಲ ಟಿಕೆಟ್ಟಮ್ಮ. ಇಕ್ಕಳದಲ್ಲಿ ಒಂದು ಸೀಗಡಿ ಹಿಡಿದಳು. ಈ ಮನೆಯಲ್ಲಿ ಅವಳು ಅದಕ್ಕೆ ಒಂದು ದಿನವೂ ಉಣಿಸಿದವಳಲ್ಲ. ಅವಳನ್ನು ಕಂಡರೆ ಅದು ಗಾಜಿಗೆ ಗುದ್ದುವುದೇ ರೂಢಿ. ಇವತ್ತು ಗುದ್ದಲಿಲ್ಲ. ನಿಧಾನವಾಗಿ ಬಂದು, ಎಳೆಯದೆ, ಇಕ್ಕಳದ ತುದಿಯಿಂದ ಮೆತ್ತಗೆ ತೆಗೆದುಕೊಂಡಿತು.

"ಹೀಗೆ ಮಾಡಬೇಡ ಕಣೋ" ಎಂದಳು ಟಿಕೆಟ್ಟಮ್ಮ. "ಕಚ್ಚು. ಕಚ್ಚಬಾರದಾ?"

ಆಮೇಲೆ ಬಾಟಲಿ ಕುಲುಕಿದಳು. ಬಿಳಿ ನೀರು ತೊಟ್ಟಿಯೊಳಗೆ ಮೋಡದಂತೆ ಹರಡಿತು. ಮನೆಯೆಲ್ಲ ಲವಂಗದ ಘಾಟು. ಮೀನು ಒಮ್ಮೆ ಜೋರಾಗಿ ತಿರುಗಿ ಬಾಲದಿಂದ ಬಡಿಯಿತು, ಅವಳ ಮುಖ ಮೈಯೆಲ್ಲ ನೀರಾಯಿತು. ಮೇಲೆ ಬಂದು ಗಾಳಿ ಕುಡಿಯಿತು, ಇಳಿಯಿತು. ಮತ್ತೆ ಬಂತು. ಪ್ರತಿ ಸಲವೂ ಇನ್ನಷ್ಟು ತಡವಾಗಿ. ಕೊನೆಗೆ ಮೈ ಒಂದು ಕಡೆಗೆ ವಾಲತೊಡಗಿತು. ಟಿಕೆಟ್ಟಮ್ಮ ತೋಳು ಮೇಲೇರಿಸಿ, ಎರಡೂ ಕೈ ನೀರಿಗಿಳಿಸಿ ಅದನ್ನು ನೆಟ್ಟಗೆ ಹಿಡಿದಳು. ಮೈ ಇಷ್ಟು ನುಣುಪಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕಿವಿರು ಅವಳ ಅಂಗೈ ಮೇಲೆ ಏರಿತು, ಇಳಿಯಿತು. ಉಳಿದ ಬಾಟಲಿಗಳನ್ನು ಸುರಿಯಲು ಒಂದು ಕೈ ಬಿಡಬೇಕಾಯಿತು. ಸುರಿದು ಮತ್ತೆ ಹಿಡಿದಳು. ಕಿವಿರು ನಿಂತ ಎಷ್ಟೋ ಹೊತ್ತಿನವರೆಗೂ ಕೈ ತೆಗೆಯಲಿಲ್ಲ.

ಸುಳ್ಳು ಸಿದ್ಧವಾಗಿತ್ತು. ಸೊಸೆ ಬಾಗಿಲು ತೆರೆದು ನಿಂತಾಗ ಟಿಕೆಟ್ಟಮ್ಮ, "ಮಧ್ಯಾಹ್ನ ನೋಡ್ತೀನಿ, ಸತ್ತು ಬಿದ್ದಿತ್ತಮ್ಮ. ತಾನಾಗೇ ಸತ್ತಿದೆ" ಎಂದಳು.

ಸೊಸೆ ಚಪ್ಪಲಿ ಬಿಡಲಿಲ್ಲ. ಅರ್ಧ ತೊಟ್ಟಿ ನೀರು, ಕೆಳಗಿಳಿಸಿದ ಇಟ್ಟಿಗೆ, ಒದ್ದೆ ನೆಲ, ಬುಟ್ಟಿಯಲ್ಲಿ ಮಲಗಿದ ಮೀನು, ಎಲ್ಲವನ್ನೂ ನೋಡಿದಳು. "ಲವಂಗದ ವಾಸನೆ ಕೆಳಗಿನ ಮೆಟ್ಟಿಲ ತನಕ ಬರ್ತಿದೆ ಅತ್ತೆ" ಎಂದಳು.

ಟಿಕೆಟ್ಟಮ್ಮ ಕುರ್ಚಿ ಎಳೆದುಕೊಂಡು ಕೂತಳು.

"ಹೀಗೆ ಮಾಡಿ ಅಂತ ಅವರು ಹೇಳಿದ್ರಾ?"

"ಏನಾದ್ರೂ ಮಾಡಿ ಅಂದ. ಮಾಡಿದ್ದು ನಾನೇ." ಆಮೇಲೆ ತಡೆಯಲಾಗಲಿಲ್ಲ. "ಅವನು ಬರಲ್ಲ ಕಣಮ್ಮ. ಅವನಿಗೆ, ಅವರಿಗೆ…"

"ಮಗು. ಗೊತ್ತು."

"ನಿನಗೆ ಹೇಗೆ ಗೊತ್ತು?"

"ಅವಳೇ ಬಂದಿದ್ದಳಲ್ಲ ನಮ್ಮ ಅಂಗಡಿಗೆ, ಕನ್ನಡಕ ಮಾಡಿಸೋಕೆ. ನಾನು ಒಳಗಿನ ಕಿಟಕಿಯಿಂದ ನೋಡಿದೆ. ಹೊಟ್ಟೆ ಕಾಣ್ತಿತ್ತು. ಇವರು ಪಕ್ಕದಲ್ಲಿ ಚೀಲ ಹಿಡ್ಕೊಂಡು ನಿಂತಿದ್ದರು." ಬ್ಯಾಂಡೇಜ್ ಸುತ್ತಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. "ಅವಳ ಗಾಜು ನಾನೇ ಉಜ್ಜಿದೆ ಅತ್ತೆ. ಚೆನ್ನಾಗೇ ಉಜ್ಜಿದೆ."

"ಅಯ್ಯೋ ನನ್ನಮ್ಮ! ಮತ್ತೆ ನನಗ್ಯಾಕೆ ಅವರು ಬಂದು ಕೇಳಿದರೆ, ಬಂದು ಕೇಳಿದರೆ ಅಂತಿದ್ದೆ?"

"ನಿಮ್ಮ ಮಗ ಇನ್ನು ಬರಲ್ಲ ಅಂತ ನಿಮ್ಮ ಮನೇಲೇ ಕೂತು ನಿಮಗೆ ಹೇಗೆ ಹೇಳಲಿ? ಬಾಗಿಲು ಸದ್ದಾದರೆ ಸಾಕು, ನೀವು ಅಡುಗೆಮನೆಯಿಂದ ಇಣುಕಿ ನೋಡ್ತಿದ್ದಿರಿ."

ಟಿಕೆಟ್ಟಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಇಣುಕಿದ್ದು ನಿಜ. ಯಾಕೆ ಇಣುಕುತ್ತೇನೆ ಎಂದು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ.

"ಹಾಗಾದ್ರೆ ಈ ಮೀನು? ಹೊಸ ಊರಿನ ಕೆಲಸ ಬೇಡ ಅಂದೆಯಲ್ಲ?"

ಸೊಸೆ ಬುಟ್ಟಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತಳು. ಅವಳು ಅತ್ತದ್ದನ್ನು ಟಿಕೆಟ್ಟಮ್ಮ ಗಂಡ ಹೋದ ದಿನವೂ ನೋಡಿರಲಿಲ್ಲ. ಈಗ ಅಳು ಸದ್ದಿಲ್ಲದೆ, ಮೂಗಿನ ತುದಿಯಿಂದ ಹನಿಹನಿಯಾಗಿ ಬೀಳುತ್ತಿತ್ತು.

"ಅದು ಎಲ್ಲಿಗೂ ಹೋಗಿರಲಿಲ್ಲವಲ್ಲ ಅತ್ತೆ. ನಾನು ಬಾಗಿಲು ತೆಗೆದರೆ ಈ ಕಡೆಗೆ ಬರ್ತಿತ್ತು. ಊಟಕ್ಕೆ ಬರ್ತಿತ್ತು ಅನ್ನಿ. ಆದರೂ ಬರ್ತಿತ್ತು." ಮೂಗು ಒರೆಸಿಕೊಂಡಳು. "ನೀವು ಒಂದು ಮಾತು ಕೇಳಬಹುದಿತ್ತು."

ಟಿಕೆಟ್ಟಮ್ಮ ಎದ್ದು ಒಳಗೆ ಹೋಗಿ ಒಂದು ಹಾಸಿಗೆಬಟ್ಟೆ ತಂದಳು.

ಕತ್ತಲಾಗುವ ಮೊದಲು ಮಣ್ಣು ಮಾಡಬೇಕಿತ್ತು. ಹಳೆಯ ಹಾಸಿಗೆಬಟ್ಟೆಯಲ್ಲಿ ಸುತ್ತಿ, ತಲೆಯ ಕಡೆ ಸೊಸೆ, ಬಾಲದ ಕಡೆ ಅತ್ತೆ ಹಿಡಿದು ಮೆಟ್ಟಿಲಿಳಿದರು. ಹೆಣಭಾರ ಅನ್ನುತ್ತಾರಲ್ಲ, ಹಾಗಿತ್ತು. ಎರಡನೇ ಮಹಡಿಯ ಹೆಂಗಸು ಬಾಗಿಲು ತೆರೆದಳು. ಬಿಳಿ ಬಟ್ಟೆಯ ಗಂಟು, ಅತ್ತ ಕಣ್ಣುಗಳು ಕಂಡು ಹೌಹಾರಿದಳು.

"ಏನಮ್ಮಾ ಇದು? ಯಾರು?"

"ಯಜಮಾನ್ರು ಹೋಗಿಬಿಟ್ಟರು" ಎಂದಳು ಸೊಸೆ.

"ಅಯ್ಯಯ್ಯೋ! ಯಾವಾಗ? ಅಷ್ಟು ಗಟ್ಟಿಯಾಗಿದ್ದರಲ್ಲ! ಮೊನ್ನೆ ಪೇಟೆಯಲ್ಲಿ ನೋಡಿದೆ…" ಎಂದು ಹೆಂಗಸು ಎದೆ ಬಡಿದುಕೊಂಡಳು. ಆಮೇಲೆ ಗಂಟಿನ ಉದ್ದ ನೋಡಿ, ಬಟ್ಟೆಯಿಂದ ಹೊರಬಿದ್ದ ಬಾಲ ನೋಡಿ, ತೆರೆದ ಬಾಯಿ ಹಾಗೇ ಉಳಿಯಿತು. ಟಿಕೆಟ್ಟಮ್ಮನಿಗೆ ಎಲ್ಲಿಂದಲೋ ನಗು ಉಕ್ಕಿ ಬಂತು. ಸೊಸೆಗೂ ಬಂತು. ಮೆಟ್ಟಿಲ ತಿರುವಿನಲ್ಲಿ ಗಂಟು ಕೆಳಗಿಟ್ಟು, ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ಇಬ್ಬರೂ ನಕ್ಕರು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಹೆಂಗಸು ಒಳಗೆ ಹೋಗಿ ನೀರು ತಂದುಕೊಟ್ಟಳು.

ಕಟ್ಟಡದ ಹಿಂದೆ, ಗೋಡೆಗೂ ನೀರಿನ ಪೈಪುಗಳಿಗೂ ನಡುವೆ ಸ್ವಲ್ಪ ಮಣ್ಣಿತ್ತು. ಮಗ ಬಿಟ್ಟುಹೋದ ಕಬ್ಬಿಣದ ಸರಳಿನಿಂದ ಟಿಕೆಟ್ಟಮ್ಮ ಮಣ್ಣು ಸಡಿಲಿಸಿದಳು, ಸೊಸೆ ಎಡಗೈಯಲ್ಲಿ ಡಬ್ಬಿಯಿಂದ ತೋಡಿದಳು. ಮಣ್ಣು ಮುಚ್ಚಿದ ಮೇಲೆ ಏನು ಹೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ. ಕೈ ತೊಳೆದುಕೊಂಡು ಮೇಲೆ ಬಂದರು.

ಆ ತಿಂಗಳು ಮುಗಿಯುವುದರೊಳಗೆ ಸೊಸೆ ಹೊಸ ಊರಿನ ಕೆಲಸ ಒಪ್ಪಿಕೊಂಡಳು. "ನೀವೂ ಬನ್ನಿ" ಎಂದು ಒಮ್ಮೆ ಕರೆದಳು. ಕರೆದ ರೀತಿಯಲ್ಲೇ ಬರಬೇಡಿ ಎಂಬುದೂ ಇತ್ತು, ಅದು ಸಿಟ್ಟಲ್ಲ, ದಣಿವು. ಟಿಕೆಟ್ಟಮ್ಮ, "ಈ ವಯಸ್ಸಲ್ಲಿ ಬೇರು ಕಿತ್ತರೆ ಚಿಗುರಲ್ಲ. ನೀನು ಹೋಗು" ಎಂದಳು. ಬಸ್ಸು ಹೊರಡುವಾಗ ಸೊಸೆ ಕಿಟಕಿಯಿಂದ ಕೈ ಚಾಚಿ ಅತ್ತೆಯ ಕೈ ಹಿಡಿದಳು. ಬೆರಳಿನ ಗಾಯ ಕೂಡಿಕೊಂಡಿತ್ತು. ತುದಿಗೆ ಸ್ಪರ್ಶ ಬಂದಿದೆಯೋ ಇಲ್ಲವೋ ಟಿಕೆಟ್ಟಮ್ಮ ಕೇಳಲಿಲ್ಲ.

ಗಾಜಿನವರು ಬಂದು ತೊಟ್ಟಿಯ ಅಂಟು ಬಿಡಿಸಿ ಹಲಗೆಗಳನ್ನು ಹೊತ್ತೊಯ್ದರು. ನಡುಮನೆ ಇಷ್ಟು ದೊಡ್ಡದೆಂದು ಮರೆತೇಹೋಗಿತ್ತು. ನಡೆದರೆ ಹೆಜ್ಜೆ ಸದ್ದು ಗೋಡೆಗೆ ತಾಗಿ ತಿರುಗಿ ಬರುತ್ತಿತ್ತು. ಮಗ ಫೋನು ಮಾಡಿ ಗಂಡುಮಗು ಎಂದ. ಬಂದು ನೋಡು ಎಂದ. ಅವಳು ಹೋಗಿ ನೋಡಿದಳು, ಎತ್ತಿಕೊಂಡಳು, ಅದು ಅವಳ ಬೆರಳು ಹಿಡಿಯಿತು. ಪ್ರೀತಿ ಬಂತು. ಪ್ರೀತಿಗೆ ನ್ಯಾಯ ಅನ್ಯಾಯ ಗೊತ್ತಿಲ್ಲ. ಮನೆಗೆ ಬಂದು ಆ ದಿನ ಊಟ ಮಾಡದೆ ಮಲಗಿದಳು.

ಸೊಸೆಯ ಫೋನು ಭಾನುವಾರ ಬರುತ್ತಿತ್ತು. ಕೆಲಸ ಹೇಗಿದೆ, ಮಂಡಿನೋವು ಹೇಗಿದೆ, ಅಡುಗೆ ಏನು, ಚಳಿ ಶುರುವಾಯಿತಾ. ಇಂಥ ಮಾತು ಎಷ್ಟು ಬೇಕಾದರೂ ಆಡಬಹುದಿತ್ತು. ಒಮ್ಮೆ, ಎಲ್ಲ ಮಾತೂ ಮುಗಿದು ಇನ್ನೇನು ಇಡಬೇಕು ಅನ್ನುವಾಗ ಟಿಕೆಟ್ಟಮ್ಮ ಕೇಳಿಯೇಬಿಟ್ಟಳು.

"ನನ್ನ ಮೇಲೆ ಕೋಪ ಇದೆಯಾ?"

ಆ ಕಡೆ ಕಲ್ಲು ತಿರುಗುವ ಸದ್ದು ಕೇಳಿಸುತ್ತಿತ್ತು. ಭಾನುವಾರವೂ ಕೆಲಸ ಮಾಡುತ್ತಿದ್ದಾಳೆ ಎಂದು ಟಿಕೆಟ್ಟಮ್ಮನಿಗೆ ಆಗ ಗೊತ್ತಾಯಿತು. ಸದ್ದು ನಿಂತಿತು.

"ಕೋಪ ಇಲ್ಲ ಅತ್ತೆ. ನೀವು ನನಗೋಸ್ಕರ ಮಾಡಿದ್ದು ಅಂತ ಗೊತ್ತು. ಆದರೆ ಆ ವಿಷಯ ಬೇಡ. ಇನ್ನೊಂದು ಸಲ ಕೇಳಬೇಡಿ."

"ಆಯ್ತಮ್ಮ. ಕೇಳಲ್ಲ."

"ಮಾತ್ರೆ ತಗೊಂಡ್ರಾ?"

"ತಗೊಂಡೆ."

"ಸರಿ. ಬರೋ ಭಾನುವಾರ ಮಾಡ್ತೀನಿ."

ಬರುವ ಭಾನುವಾರ ಮಾಡಿದಳು. ಅದರ ಮುಂದಿನ ಭಾನುವಾರ ಮಾಡಲಿಲ್ಲ, ಬುಧವಾರ ಮಾಡಿದಳು. ಟಿಕೆಟ್ಟಮ್ಮ ಯಾಕೆ ಎಂದು ಕೇಳಲಿಲ್ಲ. ಅಡುಗೆ ಏನು ಮಾಡಿದೆ ಎಂದು ಕೇಳಿದಳು.